ವಾರಕ್ಕೆ ತಂದ ಹೇಂಟೆ

ಶಿವಾಜಿನಗರದ ಇಲಿಯಾಸ್ ಆಣೆ ಹಾಕಿದ್ದ:
‘ಅಸಲಿ ನಾಟಿ ಸಾರ್, ನೂರಕ್ಕೆ ನೂರು.’
ಕೊರಳು ಜರತಾರಿ, ಕಾಲಿಗೆ
ಆಗಷ್ಟೇ ಅರಿಸಿನ ಹಚ್ಚಿದಂತೆ ಬಣ್ಣ.
ಜೊತೆಗೊಂದು ಹುಂಜ.
ಲಗ್ಗೆರೆಯ ತಾರಸಿಗೆ ತಂದು ಬಿಟ್ಟೆ.
ಇಟ್ಟಿತು, ಸುಳ್ಳೇಕೆ, ದಿನಕ್ಕೊಂದರಂತೆ.
ಇಟ್ಟು ತಿರುಗಿ ನೋಡಲಿಲ್ಲ.
ಬಸ್ಸಿನಲ್ಲಿ ಛತ್ರಿ ಬಿಟ್ಟು ಇಳಿದವರ ಹಾಗೆ
ಮೊಟ್ಟೆ ಅಲ್ಲಿ,
ತಾನು ನೀರಿನ ಟ್ಯಾಂಕಿನ ನೆರಳಲ್ಲಿ.

ಕಾಮಾಕ್ಷಿಪಾಳ್ಯದಲ್ಲಿ ಮೋಟಾರು ಸುತ್ತುವವನು ನಾನು.
ಸುಟ್ಟ ತಂತಿ ಬಿಚ್ಚಿ, ಸುತ್ತು ಎಣಿಸಿ,
ಅಷ್ಟೇ ಸುತ್ತು ಹೊಸದಾಗಿ ಸುತ್ತುವವನು.
ಶಾಖದ ವಿಚಾರ ನನಗೆ ಯಾರೂ ಹೇಳಬೇಕಿಲ್ಲ
ಅಂದುಕೊಂಡೆ.
ಥರ್ಮೋಕೋಲ್ ಡಬ್ಬ, ಅರವತ್ತರ ಬಲ್ಬು,
ಹಳೇ ಗೀಜರಿನ ಥರ್ಮೋಸ್ಟ್ಯಾಟು, ಬಟ್ಟಲಲ್ಲಿ ನೀರು.
ಹದಿನಾರನೇ ರಾತ್ರಿ ಕರೆಂಟು ಹೋಯಿತು.
ಎರಡು ದಿನ ಬಿಟ್ಟು ಒಂದನ್ನು ಒಡೆದು ನೋಡಿದೆ.
ಪುಕ್ಕ ಮೂಡಿತ್ತು.
ಆಮೇಲೆ ಬಹಳ ದಿನ ನನಗೆ ಆಮ್ಲೆಟ್ಟು ಸೇರಲಿಲ್ಲ.

ಹುಂಜವೂ ಉಳಿಯಲಿಲ್ಲ.
ಬೀದಿದೀಪ ಕಂಡು ಮೂರೂವರೆಗೇ
ಬೆಳಗಾಯಿತೆಂದು ಸಾರುತ್ತಿತ್ತು;
ಎದುರುಮನೆ ಭಕ್ತವತ್ಸಲಂ
ರಾತ್ರಿಪಾಳಿ ಮುಗಿಸಿ ಕಣ್ಣು ಮುಚ್ಚುವ ಹೊತ್ತು.
ಅವರು ಬೈಯಲಿಲ್ಲ. ಗೇಟಿನ ಬಳಿ ನಿಂತು
ಡಾಕ್ಟರಿಗೆ ತೋರಿಸುವಂತೆ
ಕೆಂಪಗಾದ ಕಣ್ಣು ತೋರಿಸಿದರು.
ಭಾನುವಾರ ಸಾರುವುದು ಸಾರೇ ಆಯಿತು,
ಮುದ್ದೆಗೆ.

ಬೋರಿನ ಮೋಟಾರು ತಂದಿದ್ದ
ತರಬನಹಳ್ಳಿಯ ಗಂಗಹನುಮಕ್ಕ ಕೇಳಿ ನಕ್ಕಳು:
‘ಕಾವು ಮರೆತದ್ದು ನಾಟಿ ಹೆಂಗಾಯ್ತದೆ?
ಅದರವ್ವ ಮಿಷಿನ್ನು, ಅದರಜ್ಜಿ ಮಿಷಿನ್ನು.
ನಾನು ಮಾರಲ್ಲ. ವಾರಕ್ಕೆ ಕೊಡ್ತೀನಿ.
ಆದ ಮರಿಲಿ ಅರ್ಧ ನಂದು.’

ಬೂದುಬಣ್ಣ, ಗಿಡ್ಡಕಾಲು, ಒಂದು ಉಗುರಿಲ್ಲ.
ಕೊರಳಲ್ಲಿ ಪುಕ್ಕ ಇರಬೇಕಾದ ಕಡೆ ಬರೀ ಕೆಂಪು ತೊಗಲು.
ಇಲಿಯಾಸ್ ನೋಡಿದ್ದರೆ ಮುಖ ತಿರುಗಿಸುತ್ತಿದ್ದ.
ಮಂಕರಿಯಲ್ಲಿ ಹೇಂಟೆ,
ರಾಗಿ ತುಂಬಿದ ಡಬ್ಬದೊಳಗೆ ಹೂತ ಹನ್ನೊಂದು ಮೊಟ್ಟೆ,
ಹೆಸರಘಟ್ಟದಿಂದ ಬರುವ ಬಸ್ಸು.
‘ಕೋಳಿಗೆ ಟಿಕೇಟು,’ ಎಂದ ಕಂಡಕ್ಟರು.
‘ಮೊಟ್ಟೆಗೆ?’
‘ಅವಿನ್ನೂ ಹುಟ್ಟಿಲ್ಲವಲ್ಲ,’ ಎಂದು ಮುಂದೆ ಹೋದ.

ಅವಳು ಹೇಳಿಕೊಟ್ಟಂತೆ ಕೆಳಗೆ ಮರಳು, ಮೇಲೆ ರಾಗಿಹುಲ್ಲು,
ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಇದ್ದಲು,
ಒಂದು ಚೂರು ಕಬ್ಬಿಣ.
ಕಬ್ಬಿಣವೆಂದರೆ ನನ್ನಲ್ಲಿ ಇದ್ದದ್ದು
ಸವೆದ ಬೇರಿಂಗು.
ಕೊಕ್ಕಿನಿಂದ ಅದನ್ನೂ ಎಳೆದುಕೊಂಡು
ಹನ್ನೆರಡನೆಯದೆಂಬಂತೆ ಎದೆಯಡಿ ಸೇರಿಸಿಕೊಂಡಿತು.

ದಿನಕ್ಕೊಮ್ಮೆ ಇಳಿಯುವುದು.
ನುಚ್ಚು, ನೀರು, ಧೂಳಿನಲ್ಲಿ ಎರಡು ಉರುಳು,
ಅಡುಗೆಮನೆಯಲ್ಲಿ ಹಾಲಿಟ್ಟು ಬಂದವಳಂತೆ
ಓಡಿ ವಾಪಸ್ಸು.
ಕೈ ತೂರಿಸಿ ನೋಡಿದೆ ಒಮ್ಮೆ.
ಮುಂಗೈಗೆ ಕುಕ್ಕಿ ರಕ್ತ ಬರಿಸಿತು.
ಆ ಇಪ್ಪತ್ತೊಂದು ದಿನದಲ್ಲಿ
ನಾಲ್ಕು ಸಲ ಕರೆಂಟು ಹೋಯಿತು, ನಾನು ಎಣಿಸಿದ್ದೇನೆ.
ಅದಕ್ಕೆ ಗೊತ್ತೇ ಆಗಲಿಲ್ಲ.

ಏಳು ಮರಿ.
ಏಳರಲ್ಲಿ ಅರ್ಧ ಎಷ್ಟಕ್ಕ, ಎಂದು ಫೋನು ಮಾಡಿದೆ.
‘ಈಗಲೇ ಎಂಥಾ ಲೆಕ್ಕ?
ಹದ್ದಿನ ಪಾಲು ಹೋಗ್ಲಿ, ಬೆಕ್ಕಿನ ಪಾಲು ಹೋಗ್ಲಿ,
ಕೊಕ್ಕರೆ ರೋಗ ತನ್ನ ಪಾಲು ತಕ್ಕಳ್ಳಲಿ,
ಉಳಿದದ್ದು ನಾನೂ ನೀನೂ ಹಂಚ್ಕಳಾಣ.’

ಖಾಲಿ ಮಂಕರಿಯ ತಳದಲ್ಲಿ ಬೇರಿಂಗು ಸಿಕ್ಕಿತು.
ಬೆಚ್ಚಗಿತ್ತು.
ಜರತಾರಿ ಕೊರಳಿನದು ಟ್ಯಾಂಕಿನ ನೆರಳಲ್ಲಿ
ಇವತ್ತಿನ ಮೊಟ್ಟೆ ಇಟ್ಟು ಎದ್ದು ಹೋಗಿತ್ತು.

ಸಂಜೆ ಭಕ್ತವತ್ಸಲಂ ಮೆಟ್ಟಿಲು ಹತ್ತಿ ಬಂದರು.
ಬಗ್ಗಿ ನೋಡಿ, ‘ಇದರಲ್ಲಿ ಹುಂಜ ಎಷ್ಟು?’
‘ತಿಳಿಯೋಕೆ ಎರಡು ತಿಂಗಳಾದರೂ ಬೇಕು, ಸಾರ್.’
ಕುಕ್ಕರಗಾಲಲ್ಲಿ ಕೂತೇ ಇದ್ದರು,
ಅಂಗೈಯಲ್ಲಿ ಒಂದು ಹಿಡಿ ನುಚ್ಚು,
ಕಂಪನಿ ಗಾಡಿ ಕೆಳಗೆ ಹಾರನ್ನು ಹೊಡೆಯುತ್ತಿತ್ತು.